ಸ್ಟಿಕ್ ಅಥವಾ ಬಾಕ್ಸ್: ಟಿವಿಗೆ ಯಾವ ಸ್ಟ್ರೀಮಿಂಗ್ ಸಾಧನ?

ಟಿವಿಯ ಎಚ್‌ಡಿಎಂಐ ಪೋರ್ಟ್‌ಗೆ ನೇರವಾಗಿ ಸಿಕ್ಕಿಸುವ ಅಮೆಜಾನ್ ಫೈರ್ ಟಿವಿ ಸ್ಟಿಕ್ 4ಕೆ ಹಗುರವಾಗಿದ್ದು ಪ್ರಯಾಣಕ್ಕೂ ಅನುಕೂಲಕರವಾಗಿದೆ. ಆದರೆ ಅದರ 8 ಜಿಬಿ ಸಂಗ್ರಹದಲ್ಲಿ ಒಂದು ಭಾಗವನ್ನು ಅದರ ತಂತ್ರಾಂಶವೇ ಬಳಸಿಕೊಳ್ಳುವುದರಿಂದ, ಹಲವು ಆ್ಯಪ್‌ಗಳನ್ನು ಹಾಕಿಕೊಳ್ಳುವವರಿಗೆ ಜಾಗ ಬೇಗನೆ ಸಾಲದಾಗುತ್ತದೆ.

2024ರಲ್ಲಿ ಬಂದ ಗೂಗಲ್ ಟಿವಿ ಸ್ಟ್ರೀಮರ್ ಎಂಬ ಬಾಕ್ಸ್‌ನಲ್ಲಿ 32 ಜಿಬಿ ಸಂಗ್ರಹವೂ, ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಈಥರ್ನೆಟ್ ಪೋರ್ಟ್ ಕೂಡ ಇವೆ. ವೈಫೈ ದುರ್ಬಲವಾಗಿರುವ ಕೋಣೆಯಲ್ಲಿ ಟಿವಿ ಇದ್ದರೆ ಈ ಪೋರ್ಟ್ ಇದೆಯೇ ಎಂಬುದೇ ಆಯ್ಕೆಯನ್ನು ನಿರ್ಧರಿಸಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ 4ಕೆ ವೀಕ್ಷಣೆಗೆ ನೆಟ್‌ಫ್ಲಿಕ್ಸ್ ಸೂಚಿಸುವ 15 ಎಂಬಿಪಿಎಸ್ ವೇಗವನ್ನು ಏರಿಳಿತವಿಲ್ಲದೆ ಉಳಿಸಿಕೊಳ್ಳಲು ತಂತಿಯ ಸಂಪರ್ಕವೇ ಹೆಚ್ಚು ನಂಬಿಕೆಗೆ ಅರ್ಹ. ಟಿವಿಗೆ ಜೋಡಿಸುವ ಎಚ್‌ಡಿಎಂಐ ಕೇಬಲ್ ಮಾತ್ರ ಈ ಸ್ಟ್ರೀಮರ್ ಜೊತೆ ಬರುವುದಿಲ್ಲ.

2022ರ ಆಪಲ್ ಟಿವಿ 4ಕೆ ಬಾಕ್ಸ್ ವೇಗವಾಗಿದೆ, ದುಬಾರಿಯೂ ಹೌದು. ಅದರ 64 ಜಿಬಿ ಮಾದರಿಯಲ್ಲಿ ಈಥರ್ನೆಟ್ ಇಲ್ಲದಿರುವುದನ್ನು ಗಮನಿಸಬೇಕು. 128 ಜಿಬಿ ಮಾದರಿಯಲ್ಲಿ ಮಾತ್ರ ಇದೆ. ಐಫೋನ್ ಬಳಸದವರಿಗೆ ನಾನು ಇದನ್ನು ಸೂಚಿಸುವುದಿಲ್ಲ.