ದೋಣಿವಿಹಾರದ ಕೆರೆಯ ಕೆಳಗೆ ಮಲಗುವ ಮುನ್ನ

ಕೊಡಗಿನಲ್ಲಿ ಹೋಂಸ್ಟೇ ಕಾಯ್ದಿರಿಸುವವರಿಗೂ, ಕೊಲ್ಲಿಯ (ಗುಡ್ಡಗಳ ನಡುವೆ ಹರಿಯುವ ತೊರೆಯ) ಪಕ್ಕದಲ್ಲಿ ಜಾಗ ಸಿಕ್ಕಿತೆಂದು ಮನೆ ಕಟ್ಟಲು ಹೊರಟವರಿಗೂ ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಜಾಗದ ಮೇಲ್ಭಾಗದಲ್ಲಿ ಖಾಸಗಿ ಕೆರೆಯೊಂದಿದ್ದು, ಅದರಲ್ಲಿ ಪ್ರವಾಸಿಗರಿಗಾಗಿ ಪೆಡಲ್ ಬೋಟ್ ಬಿಟ್ಟಿದ್ದರೆ, ಅದರ ಮಣ್ಣಿನ ಏರಿಯನ್ನೂ, ಹೆಚ್ಚಾದ ನೀರು ಹೊರಹೋಗುವ ಕೋಡಿಯನ್ನೂ ಕಣ್ಣಾರೆ ನೋಡದೆ ಮಳೆಗಾಲದ ಒಂದು ರಾತ್ರಿಯನ್ನೂ ಅಲ್ಲಿ ಕಳೆಯಬೇಡಿ. ಅಂಥದೊಂದು ಏರಿ ಒಡೆದು ನಮ್ಮ ಗದ್ದೆ ಹೋಯಿತು. ಜೀವಹಾನಿ ಆಗಲಿಲ್ಲ ಎಂಬುದೊಂದೇ ಸಮಾಧಾನ.

ನಮ್ಮ ಗದ್ದೆಯ ಮೇಲಿನ ತೋಟದ ಕೆರೆ ಹಳೆಯದು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಡಲೆಂದು ಕೊಲ್ಲಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕಟ್ಟಿದ್ದು. ಹಾಗಾಗಿ ಬೇಸಿಗೆ ಮುಗಿಯುವ ಹೊತ್ತಿಗೆ ಕೆರೆಯ ತಳ ಕಾಣುತ್ತಿತ್ತು, ಮುಂಗಾರಿನ ನೀರಿಗೆ ಅದರಲ್ಲಿ ಜಾಗವಿರುತ್ತಿತ್ತು. ತೋಟ ಕೈಬದಲಾಗಿ ಹೋಂಸ್ಟೇ ಆದ ಮೇಲೆ ಆ ಲೆಕ್ಕವೇ ತಲೆಕೆಳಗಾಯಿತು, ಏಕೆಂದರೆ ಬೋಟ್ ಓಡಬೇಕಾದರೆ ವರ್ಷವಿಡೀ ನೀರು ತುಂಬಿರಬೇಕು. ಹಿಟಾಚಿ ತರಿಸಿ, ಹಳೆಯ ಏರಿಯ ಮೇಲಿನ ಹುಲ್ಲನ್ನೂ ಕೆರೆದು ತೆಗೆಯದೆ, ಅದರ ಮೇಲೆಯೇ ಸಡಿಲವಾದ ಕೆಂಪು ಮಣ್ಣು ಸುರಿದು ಎತ್ತರಿಸಿದರು. ಪದರ ಪದರವಾಗಿ ಮಣ್ಣು ಹರಡಿ, ನೀರು ಚಿಮುಕಿಸಿ, ರೋಲರ್ ಓಡಿಸಿ ಗಟ್ಟಿ ಮಾಡುವ ಕೆಲಸ ನಡೆಯಲೇ ಇಲ್ಲ. ಕೋಡಿಗೆ ಹಲಗೆ ಜೋಡಿಸಿ ನೀರಿನ ಮಟ್ಟ ಏರಿಸಿದರು; ಸಾಕಿದ ಮೀನು ಹೊರಗೆ ಹೋಗದಿರಲೆಂದು ಅದರ ಮುಂದೆ ಕಬ್ಬಿಣದ ಜಾಲರಿ ಬಿಗಿದರು. ಏರಿಯ ಕೆಳಗೆ, ಕೊಲ್ಲಿಗೆ ಮುಖಮಾಡಿ, ಅತಿಥಿಗಳಿಗಾಗಿ ಕಾಟೇಜುಗಳು ಎದ್ದವು.

ಆ ಜಾಲರಿಯನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1889ರ ಮೇ 31ರಂದು ಒಡೆದು, ಜಾನ್ಸ್‌ಟೌನ್ ಪಟ್ಟಣವನ್ನು ಕೊಚ್ಚಿಕೊಂಡು ಹೋಗಿ 2,209 ಜನರನ್ನು ಬಲಿ ತೆಗೆದುಕೊಂಡ ಸೌತ್ ಫೋರ್ಕ್ ಅಣೆಕಟ್ಟು ಕೂಡ ಸಿರಿವಂತರ ವಿಹಾರ ಕ್ಲಬ್ಬೊಂದರ ಒಡೆತನದ ಮಣ್ಣಿನ ಕಟ್ಟೆಯೇ ಆಗಿತ್ತು. ಅಲ್ಲಿಯೂ ಕೋಡಿಗೆ ಮೀನಿನ ಜಾಲರಿ ಹಾಕಿದ್ದರು, ಅದಕ್ಕೆ ಕಸ ಕಟ್ಟಿಕೊಂಡಿತ್ತು; ತಳದಿಂದ ನೀರು ಬಿಡುವ ಕೊಳವೆಗಳನ್ನು ಮೊದಲೇ ಕಿತ್ತಿದ್ದರು, ಮತ್ತೆ ಹಾಕಿರಲಿಲ್ಲ. ಮಣ್ಣಿನ ಏರಿ ನೀರನ್ನು ತಡೆಯಬಲ್ಲದೇ ಹೊರತು ತನ್ನ ನೆತ್ತಿಯ ಮೇಲೆ ಹರಿಯುವ ನೀರನ್ನು ಹೆಚ್ಚು ಹೊತ್ತು ತಾಳಲಾರದು ಎಂಬುದು ಇಷ್ಟು ವರ್ಷಗಳಿಂದ ಗೊತ್ತಿರುವ ವಿಷಯ.

ಜುಲೈಯಲ್ಲಿ ಮಳೆ ಬಿಡದೆ ಹಿಡಿದಾಗ ಏರಿಯ ಬುಡದಲ್ಲಿ ಒಸರು ಹೆಚ್ಚಾಯಿತು. ಮ್ಯಾನೇಜರಿಗೆ ತಿಳಿಸಿದರೆ, "ಮಳೆಗಾಲದಲ್ಲಿ ಒಸರು ಬರದೆ ಇರುತ್ತದಾ ಅಣ್ಣ, ಹೆದರಬೇಡಿ" ಎಂದರು. ತಿಳಿಯಾದ ಒಸರು ಎಲ್ಲ ಏರಿಗಳಲ್ಲಿಯೂ ಸ್ವಲ್ಪ ಇರುವುದು ನಿಜ. ಆದರೆ ನಾನು ಬಗ್ಗಿ ನೋಡಿದಾಗ, ಬೆರಳು ಹೋಗುವಷ್ಟು ಅಗಲದ ತೂತಿನಿಂದ ನೀರು ಬುಗ್ಗೆಯಂತೆ ಏಳುತ್ತಿತ್ತು, ಅದರ ಸುತ್ತ ಸಣ್ಣ ಮರಳು ಬಳೆಯಾಕಾರದಲ್ಲಿ ಗುಡ್ಡೆ ಬಿದ್ದಿತ್ತು. ಆ ಮರಳು ಬಂದದ್ದು ಏರಿಯ ಹೊಟ್ಟೆಯೊಳಗಿನಿಂದ. ಅತ್ತ ಜಾಲರಿಗೆ ಸಿಲ್ವರ್ ಓಕ್ ಎಲೆ, ಒಣಕಡ್ಡಿ ಒತ್ತಿಕೊಂಡು ಕೋಡಿ ಅರ್ಧ ಮುಚ್ಚಿಹೋಗಿತ್ತು. ರಾತ್ರಿ ಲೈನ್ ಮನೆಯ ಕಾರ್ಮಿಕರೊಬ್ಬರು ಓಡಿ ಬಂದು, "ಅಣ್ಣ, ನೀರು ಕೆಂಪಾಗಿ ಬರ್ತಾ ಉಂಟು" ಎಂದರು. ಕಾಟೇಜಿನಲ್ಲಿದ್ದವರನ್ನು ಎಬ್ಬಿಸಿ ದಿಬ್ಬ ಹತ್ತಿಸಿದ್ದೂ ಅವರೇ. ಅವರ ಋಣ ತೀರಿಸಲಾಗದು. ಬೆಳಗಾಗುವ ಮೊದಲೇ ಏರಿ ನಡುವೆ ಬಾಯಿಬಿಟ್ಟಿತು. ಕಾಟೇಜಿನ ಗೋಡೆ, ನಮ್ಮ ಪಂಪ್ ಶೆಡ್, ನಾಟಿಗೆ ಸಿದ್ಧವಾಗಿದ್ದ ಸಸಿಮಡಿ ಎಲ್ಲವೂ ಹೋದವು, ಗದ್ದೆಯ ಮೇಲೆ ಕಲ್ಲು ಮಣ್ಣು ಕೂತಿತು. ಚಿಕ್ಕ ಕೆರೆ ಏನು ಮಾಡೀತು ಎನ್ನುವವರು ಒಂದು ಲೆಕ್ಕ ಹಾಕಿ ನೋಡಲಿ: ಒಂದು ಎಕರೆ ಹರವಿನಲ್ಲಿ ಸರಾಸರಿ 2 ಮೀಟರ್ ನೀರು ನಿಂತರೆ ಅದು ಸುಮಾರು 80 ಲಕ್ಷ ಲೀಟರ್, ತೂಕದಲ್ಲಿ 8,000 ಟನ್.

ಪರಿಹಾರ ಕೇಳಿದಾಗ ಮಾಲೀಕರು ಮಳೆಯ ಕಡೆ ಕೈತೋರಿಸಿದರು. ಕಾನೂನಿನ ಕಡೆ ನೋಡಿದರೆ, 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ ಮತ್ತು ಕೆಲವು ಷರತ್ತುಗಳಿಗೆ ಒಳಪಟ್ಟು 10ರಿಂದ 15 ಮೀಟರಿನವಕ್ಕೆ ಮಾತ್ರ. ತೋಟದ ಕೆರೆಗಳು ಬಹುಪಾಲು ಅದರ ಹೊರಗೇ ಉಳಿಯುತ್ತವೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡ ಈ ಜಿಲ್ಲೆಯಲ್ಲಿ ಇಂಥ ಏರಿಗಳ ಮೇಲೆ ನಿಗಾ ಇಲ್ಲದಿರುವುದು ಅನ್ಯಾಯವೆಂದೇ ನನ್ನ ಭಾವನೆ.

ಆದ್ದರಿಂದ ಕೊಠಡಿ ಗೊತ್ತುಮಾಡುವ ಮೊದಲೇ ಅದು ಏರಿಯ ಕೆಳಗಿದೆಯೇ ಎಂದು ಕೇಳಿ. ಇದ್ದರೆ ಬೇರೆ ಕಡೆ ನೋಡಿ. ಜಾಗ ಕೊಳ್ಳುವವರು ಮಳೆಗಾಲದಲ್ಲೊಮ್ಮೆ ಹೋಗಿ, ಕೋಡಿ ತೆರೆದಿದೆಯೇ, ತಳದಿಂದ ನೀರು ಬಿಡುವ ತೂಬು ಕೆಲಸ ಮಾಡುತ್ತದೆಯೇ, ಏರಿಯ ಮೇಲೆ ದೊಡ್ಡ ಮರ ಬೆಳೆದಿದೆಯೇ, ಮುಳ್ಳುಹಂದಿ ಅಥವಾ ಹೆಗ್ಗಣದ ಬಿಲಗಳಿವೆಯೇ ಎಂದು ನೋಡಬೇಕು. ಈಗಾಗಲೇ ಕೆಳಗಿರುವವರು ಫೋಟೋ ಸಮೇತ ಜಿಲ್ಲಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಒಸರು ನೀರು ಕಲಕಿ ಬಂದರೆ ಏರಿ ನೋಡಲು ಹೋಗಬೇಡಿ, ಕೊಲ್ಲಿಯ ಗುಂಟ ಕೆಳಗೂ ಓಡಬೇಡಿ. ಮನೆಯವರನ್ನು ಕರೆದುಕೊಂಡು ಪಕ್ಕದ ದಿಬ್ಬ ಹತ್ತಿ, ಅಲ್ಲಿಂದ 112ಕ್ಕೆ ಕರೆ ಮಾಡಿ.