ಕ್ರಾಸ್‌ಬೋ ಟಾರ್ಗೆಟ್: ಹುಲ್ಲು, ಫೋಮ್, ಚಿಂದಿ ಮೂಟೆ, ಯಾವುದು ಬಾಳಿಕೆ ಬರುತ್ತೆ?

ಕ್ರಾಸ್‌ಬೋಗೆ (ಬಂದೂಕಿನ ಹಾಗೆ ಹಿಡಿದು ಟ್ರಿಗರ್ ಒತ್ತಿ ಹೊಡೆಯುವ ಅಡ್ಡಬಿಲ್ಲು) ಟಾರ್ಗೆಟ್ ತಗೊಳ್ಳುವಾಗ "ಎಷ್ಟು ಗಟ್ಟಿ ಇದೆ" ಅಂತ ಕೇಳಬೇಡಿ, "ನಡುಭಾಗ ತೂತು ಬಿದ್ದ ಮೇಲೆ ಏನು ಮಾಡಬಹುದು" ಅಂತ ಕೇಳಿ. ಎಂಥ ಟಾರ್ಗೆಟ್ ಆದರೂ ಮೊದಲು ಹಾಳಾಗೋದು ನಡುಭಾಗವೇ. ಅಂಚು ಹೊಸದರ ಹಾಗೇ ಇರುತ್ತದೆ, ಆದರೂ ಹೆಚ್ಚಿನ ಸಲ ಇಡೀ ಟಾರ್ಗೆಟ್ಟನ್ನು ಬಿಸಾಡಬೇಕಾಗುತ್ತದೆ. ಮಂಡ್ಯದ ಹತ್ತಿರ ನಮ್ಮ ತೋಟದಲ್ಲಿ, ಹಿಂದೆ ಆಳೆತ್ತರಕ್ಕಿಂತ ಜಾಸ್ತಿ ಮಣ್ಣಿನ ದಿಬ್ಬ ಇರುವ ಜಾಗದಲ್ಲಿ, 20 ಮೀಟರ್ ದೂರದಿಂದ ಮೂರು ಬಗೆಯನ್ನೂ ಹೊಡೆದು ನೋಡಿದ್ದೇನೆ.

ಮಾಮೂಲಿ ಬಿಲ್ಲಿನ ಟಾರ್ಗೆಟ್ ಇದಕ್ಕೆ ಸಾಲಲ್ಲ. ಲೆಕ್ಕ ಹಾಕಿ: 400 ಗ್ರೇನ್ ಅಂದರೆ ಸುಮಾರು 26 ಗ್ರಾಂ ತೂಕದ ಬೋಲ್ಟ್ (ಕ್ರಾಸ್‌ಬೋದ ಗಿಡ್ಡ ಬಾಣ) ಸೆಕೆಂಡಿಗೆ 350 ಅಡಿ ವೇಗದಲ್ಲಿ ಹೋದರೆ ಅದರ ಶಕ್ತಿ ಹೆಚ್ಚುಕಡಿಮೆ 147 ಜೂಲ್. ರಿಕರ್ವ್ ಬಿಲ್ಲಿನ (ತುದಿ ಮುಂದಕ್ಕೆ ಬಾಗಿದ ಮಾಮೂಲಿ ಬಿಲ್ಲು) 23 ಗ್ರಾಂ ಬಾಣ 190 ಅಡಿ ವೇಗದಲ್ಲಿ ಹೋದರೆ ಸುಮಾರು 39 ಜೂಲ್ ಅಷ್ಟೇ. ಹತ್ತಿರ ಹತ್ತಿರ ನಾಲ್ಕು ಪಟ್ಟು! ಅದೂ ಅಲ್ಲದೆ ಬೋಲ್ಟ್ ಇರೋದೇ 20 ಇಂಚು. ಸ್ವಲ್ಪ ಮೆತ್ತಗಿನ ಟಾರ್ಗೆಟ್ ಸಿಕ್ಕಿದರೆ ಗರಿ ಸಮೇತ ಒಳಗೆ ಹೋಗಿಬಿಡುತ್ತದೆ, ಆಮೇಲೆ ಹಿಂದಿನಿಂದ ಮೊನೆ ಬಿಚ್ಚಿ ಎಳೆಯಬೇಕು, ಗರಿ ಕಿತ್ತು ಬರುತ್ತದೆ.

ಮೊದಲು ಹುಲ್ಲು. ನಮ್ಮ ಕಡೆ ಭತ್ತದ ಕಟಾವು ಮುಗಿದರೆ ಮೆಷಿನ್ ಸುತ್ತಿದ ಹುಲ್ಲಿನ ಪಿಂಡಿ ಎಲ್ಲಿ ನೋಡಿದರೂ ಸಿಗುತ್ತದೆ. ಅಗ್ಗ. ಆದರೆ ಆ ಪಿಂಡಿ ದನಕ್ಕೆ ಹಾಕೋಕೆ ಕಟ್ಟಿದ್ದು, ಬಾಣ ತಡೆಯೋಕಲ್ಲ. ಹಾಗೇ ಇಟ್ಟು ಹೊಡೆದರೆ ಬೋಲ್ಟ್ ಆಚೆ ಕಡೆ ಬರುತ್ತದೆ. ಹಗ್ಗ ಹಾಕಿ ಬಿಗಿದು, ಎರಡು ಪಿಂಡಿ ಒಂದರ ಹಿಂದೆ ಒಂದು ಇಟ್ಟರೆ ತಡೆಯುತ್ತದೆ, ಆದರೂ ದಿನ ಕಳೆದ ಹಾಗೆ ಹಗ್ಗ ಸಡಿಲ ಆಗುತ್ತದೆ, ಮಳೆ ಬಿದ್ದರೆ ಕೊಳೆಯುತ್ತದೆ, ನೆಲಕ್ಕೆ ತಾಗಿದ ಕಡೆ ಗೆದ್ದಲು. ಕಡಿಮೆ ಶಕ್ತಿಯ ಬಿಲ್ಲಿಗೆ ಸರಿ, ಕ್ರಾಸ್‌ಬೋಗೆ ನಾನು ಹೇಳಲ್ಲ.

ಅಂಗಡಿಯ ಫೋಮ್ ಬ್ಲಾಕ್ ಬೇರೆ ಲೋಕ. ಹಗುರ, ನಾಲ್ಕೂ ಮುಖ ತಿರುಗಿಸಿ ಹೊಡೆಯಬಹುದು, ತುಂತುರು ಮಳೆಗೆ ಏನೂ ಆಗಲ್ಲ. ಹಾಳೆಗಳನ್ನು ಒತ್ತಿ ಕಟ್ಟಿದ ಬಗೆಯಲ್ಲಿ ಬೋಲ್ಟ್ ಹಾಳೆಗಳ ನಡುವೆ ಸಿಕ್ಕಿ ಉಜ್ಜಾಟದಿಂದಲೇ ನಿಲ್ಲುತ್ತದೆ. ಕಷ್ಟ ಇರೋದೂ ಅಲ್ಲೇ. ಆ ಉಜ್ಜಾಟದ ಬಿಸಿಗೆ ಫೋಮ್ ಕರಗಿ ಬೋಲ್ಟಿನ ಕಾರ್ಬನ್ ಕಡ್ಡಿಗೆ ಅಂಟುತ್ತದೆ, ಎಳೆದು ನೋಡಿದರೆ ಮೊನೆಯ ಹಿಂದೆ ತೆಳ್ಳಗೆ ಪೊರೆ ಕೂತಿರುತ್ತದೆ, ಉಗುರಲ್ಲಿ ಕೆರೆದರೆ ಸುರುಳಿಯಾಗಿ ಬರುತ್ತದೆ. ಕಡ್ಡಿಗೆ ಒಣ ಸೋಪು ಉಜ್ಜಿಕೊಂಡು ಹೊಡೆದರೆ ಎಳೆಯೋದು ಎಷ್ಟೋ ಸುಲಭ. ಆದರೆ ನಡುಭಾಗ ಒಮ್ಮೆ ಸಡಿಲ ಆಯಿತು ಅಂದರೆ ಮುಗಿಯಿತು, ಕೊಟ್ಟ ದುಡ್ಡಿಗೆ ಹೊಟ್ಟೆ ಉರಿಯುತ್ತದೆ.

ನನ್ನ ಓಟು ಚಿಂದಿ ಮೂಟೆಗೆ. ಟೈಲರ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ಬಟ್ಟೆ ಕೇಳಿದರೆ ಸಿಗುತ್ತದೆ. ಹತ್ತಿ ಬಟ್ಟೆ ಆದಷ್ಟು ಬೇಡ, ತೇವ ಹೀರಿಕೊಂಡು ಭಾರ ಆಗುತ್ತದೆ, ಪಾಲಿಯೆಸ್ಟರ್ ಒಳ್ಳೆಯದು. ಹಳೇ ಬಟ್ಟೆ ಹಾಕೋದಾದರೆ ಗುಂಡಿ, ಜಿಪ್, ಹುಕ್ ಒಂದೂ ಬಿಡದೆ ಕತ್ತರಿಸಿ ತೆಗೆಯಿರಿ, ಜಿಪ್ಪಿಗೆ ಬಿದ್ದ ಬೋಲ್ಟ್ ಅಡ್ಡ ತಿರುಗುತ್ತದೆ. ಒಂದು ಪದರ ತುಂಬು, ಮೇಲೆ ನಿಂತು ಚೆನ್ನಾಗಿ ತುಳಿ, ಮತ್ತೆ ತುಂಬು. ಬಾಳಿಕೆ ನಿರ್ಧಾರ ಆಗೋದು ಈ ತುಳಿತದಲ್ಲೇ. ಹೊರಗೆ ಅಕ್ಕಿಯ ಪ್ಲಾಸ್ಟಿಕ್ ಚೀಲ ಒಂದೇ ಹಾಕಬೇಡಿ, ಬಿಸಿಲಿಗೆ ಪುಡಿಪುಡಿ ಆಗುತ್ತದೆ, ಅದರ ಎಳೆ ಬೋಲ್ಟಿಗೆ ಸುತ್ತಿಕೊಳ್ಳುತ್ತದೆ. ಅದರ ಮೇಲೆ ಗೋಣಿಚೀಲ ಹಾಕಿ, ಬಾಯಿಯನ್ನು ದಬ್ಬಣದಲ್ಲಿ ಹುರಿ ಹಾಕಿ ಹೊಲಿಯಿರಿ.

ಇದರಲ್ಲಿ ಬೋಲ್ಟ್ ಎರಡು ಬೆರಳಲ್ಲಿ ಎಳೆದರೆ ಬರುತ್ತದೆ, ಅಂಟಲ್ಲ, ಬಗ್ಗಲ್ಲ. ಕಾಲ ಕಳೆದ ಹಾಗೆ ಬಟ್ಟೆ ಕೆಳಗೆ ಕೂತು ಮೇಲ್ಭಾಗ ಪೊಳ್ಳಾಗುತ್ತದೆ, ಅದಕ್ಕೆ ಆಗಾಗ ತಲೆಕೆಳಗು ಮಾಡಿ ಇಡಬೇಕು, ಹೆಬ್ಬೆರಳು ಸುಲಭವಾಗಿ ಒಳಗೆ ಹೋಗುವ ಜಾಗ ಕಂಡರೆ ಹೊಲಿಗೆ ಬಿಚ್ಚಿ ಇನ್ನಷ್ಟು ತುರುಕಬೇಕು. ನಡುಭಾಗ ಹಾಳಾದರೆ ಬಿಸಾಡೋದು ಗೋಣಿಚೀಲ ಒಂದನ್ನೇ, ಒಳಗಿನ ಸರಕು ಹಾಗೇ ಇರುತ್ತದೆ. ಫೋಮ್ ಸೋಲೋದು ಇಲ್ಲೇ ಅಲ್ವಾ? ಮೂಟೆಯ ತೊಂದರೆ ಅಂದರೆ ಭಾರ, ಒಬ್ಬರೇ ಎತ್ತೋಕೆ ಆಗಲ್ಲ. ಮತ್ತೆ ಮಳೆಗೆ ನೆನೆಯಬಾರದು, ಸೂರಿನ ಕೆಳಗೆ ಇಡಲೇಬೇಕು. ದಿನಾ ಬೇರೆ ಬೇರೆ ಕಡೆ ಹೊತ್ತುಕೊಂಡು ಹೋಗುವವರಾದರೆ ಫೋಮ್ ಬ್ಲಾಕೇ ತಗೊಳ್ಳಿ.

ಯಾವುದೇ ಇರಲಿ, ನಡುವೆ ಒಂದೇ ಚುಕ್ಕೆ ಬೇಡ. ಮುಖದ ಮೇಲೆ ಐದು ಚುಕ್ಕೆ ಬಳಿದು ಒಂದೊಂದಕ್ಕೆ ಒಂದೊಂದು ಬೋಲ್ಟ್ ಹೊಡೆಯಿರಿ. ಟಾರ್ಗೆಟ್ಟೂ ಉಳಿಯುತ್ತದೆ, ಒಂದರ ಹಿಂಬದಿಗೆ ಇನ್ನೊಂದು ಬಡಿದು ಬೋಲ್ಟ್ ಸೀಳೋದೂ ತಪ್ಪುತ್ತದೆ. ಅಗಲ ಬ್ಲೇಡಿನ ಮೊನೆಯಂತೂ ಮೂಟೆಗೆ ಹಾಕಲೇಬೇಡಿ, ಬಟ್ಟೆ ಕತ್ತರಿಸಿಹಾಕುತ್ತದೆ. ಅದು ಬೇಟೆಗೆ ಮಾಡಿದ್ದು, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇಲ್ಲಿ ಕಾಡುಪ್ರಾಣಿ ಬೇಟೆಗೆ ನಿಷೇಧ ಇದೆ, ಹಾಗಾಗಿ ಅದರ ಅಗತ್ಯವೂ ಇಲ್ಲ.

ಮೈಸೂರಲ್ಲಿ ಮನೆ ತಾರಸಿ ಮೇಲೆ ಇಟ್ಟು ಹೊಡೆಯಬಹುದಾ ಅಂತ ಕೇಳುವವರಿಗೆ: ಬೇಡ. ಗುರಿ ತಪ್ಪಿದ ಬೋಲ್ಟ್ ಬೀದಿ ದಾಟಿ ಎಷ್ಟೋ ದೂರ ಹೋಗುತ್ತದೆ, ಗೋಡೆಗೆ ಬಡಿದರೆ ಎತ್ತ ಸಿಡಿಯುತ್ತದೋ ಹೇಳೋಕಾಗಲ್ಲ. ಹಿಂದೆ ಮಣ್ಣಿನ ದಿಬ್ಬ ಇರುವ, ಜನ ಓಡಾಡದ ಜಾಗ ಸಿಗುವವರೆಗೆ ಟಾರ್ಗೆಟ್ ಕೊಳ್ಳೋಕೇ ಹೋಗಬೇಡಿ.