ಒಂದು ತ್ರಿಪದಿ ಹಿಡಿದು ಮೂರು ಕಡೆ ಸ್ವರ ಸಂಯೋಜನೆ ಕಲಿತೆ

ನಮ್ಮಜ್ಜಿ ಬೀಸುವಾಗ ಹಾಡುತ್ತಿದ್ದ ಒಂದು ತ್ರಿಪದಿಗೆ ನನ್ನದೇ ಧಾಟಿ ಕಟ್ಟಬೇಕು ಅನ್ನುವ ಆಸೆ ಪಿಯುಸಿ ಓದುವಾಗಲೇ ಹತ್ತಿತ್ತು. ಅದಕ್ಕಾಗಿ ಮೂರು ಕಡೆ ಹೋದೆ. ಗದಗ-ಬೆಟಗೇರಿಯಲ್ಲಿ ಗುರುಗಳ ಮನೆಗೆ 6 ವರ್ಷ, ಆಮೇಲೆ ವಿಶ್ವವಿದ್ಯಾಲಯದಲ್ಲಿ ಸಂಗೀತದ ಸ್ನಾತಕೋತ್ತರ ಓದಿಗೆ 2 ವರ್ಷ, ಆ ಎರಡು ವರ್ಷದ ನಡುವೆಯೇ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಕೀಬೋರ್ಡ್ ಕ್ಲಾಸಿಗೆ 11 ತಿಂಗಳು. ಮೂರೂ ಕಡೆ ಕಟ್ಟಲು ನೋಡಿದ್ದು ಅದೇ ತ್ರಿಪದಿ, ಅದೇ ಭೀಮಪಲಾಸಿ ರಾಗದಲ್ಲಿ. ಹಾಗಾಗಿ ಎಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಅನ್ನುವುದನ್ನು ಎದುರುಬದುರು ಇಟ್ಟು ಹೇಳಬಲ್ಲೆ.

ಗುರುಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳೆದವರು. ಅಲ್ಲಿ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಕಣ್ಣಿಲ್ಲದವರಾಗಿದ್ದರು. ಆ ಪರಂಪರೆಯಲ್ಲಿ ವಿದ್ಯೆ ಕಿವಿಯಿಂದ ಕಿವಿಗೇ ಹೋಗುವುದು. ನಮ್ಮ ಗುರುಗಳ ಮನೆಯಲ್ಲೂ ವಹಿ ತೆರೆಯುವಂತಿರಲಿಲ್ಲ. ಅವರು ಹಾಡಿದ್ದನ್ನು ಹಾಡಬೇಕು, ತಪ್ಪಿದರೆ ಮತ್ತೆ ಹಾಡಬೇಕು. ಭೀಮಪಲಾಸಿಯ ಒಂದೇ ಚೀಜಿನ (ರಾಗದಲ್ಲಿ ಕಟ್ಟಿದ ಹಾಡಿನ) ಮೇಲೆ ನಾವು 5 ತಿಂಗಳು ಕೂತೆವು. ಆರೋಹದಲ್ಲಿ ರೆ, ಧ ಇಲ್ಲ, ಅವರೋಹದಲ್ಲಿ ಎರಡೂ ಇವೆ, ಮಧ್ಯಮವೇ ವಾದಿ, ಅಂದರೆ ಮುಖ್ಯ ಸ್ವರ ಅನ್ನುವುದು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಮಧ್ಯಮದ ಮೇಲೆ ಎಷ್ಟು ಹೊತ್ತು ನಿಂತರೆ ರಾಗ ಉಸಿರಾಡುತ್ತದೆ, ಕೋಮಲ ಗಾಂಧಾರವನ್ನು ಮಧ್ಯಮದ ಕಡೆಯಿಂದ ಹೇಗೆ ಮುಟ್ಟಬೇಕು ಅನ್ನುವುದು ಮಾತ್ರ ನನಗೆ ಆ ಮನೆಯ ಬಿಟ್ಟು ಬೇರೆಲ್ಲೂ ಸಿಗಲಿಲ್ಲ.

ನಾಲ್ಕನೆಯ ವರ್ಷ ಧೈರ್ಯ ಮಾಡಿ ತ್ರಿಪದಿಯ ವಿಷಯ ತೆಗೆದೆ. "ತಮ್ಮಾ, ಭೀಮಪಲಾಸಿ ಇನ್ನೂ ನಿನ್ನ ಮನೀಗೆ ಬಂದಿಲ್ಲ. ಬರೂಕಿಂತ ಮೊದಲ ಎಲಿ ಹಾಕಿ ಯಾರಿಗೆ ಬಡಸ್ತಿ?" ಅಂದರು. ಆ ಮಾತು ಸರಿಯಾಗಿಯೇ ಇತ್ತು. ಆದರೂ ಆರು ವರ್ಷದಲ್ಲಿ ನನ್ನದು ಅಂತ ಒಂದು ಸಾಲು ಕಟ್ಟಲಿಲ್ಲ ಅನ್ನುವ ಸಂಕಟ ಇವತ್ತಿಗೂ ಇದೆ. ಅಲ್ಲಿ ಕಟ್ಟುವುದನ್ನು ಯಾರೂ ಕಲಿಸುವುದಿಲ್ಲ. ಸಾವಿರ ಸಲ ಹಾಡಿದ ಮೇಲೆ ತಾನಾಗಿ ಬರಬೇಕು.

ವಿಶ್ವವಿದ್ಯಾಲಯದ ಮೊದಲ ಸೆಮಿಸ್ಟರ್ ನನಗೆ ಬೇಸರ ತಂದಿತು. ಗುರುಗಳ ಮನೆಯಲ್ಲಿ ಒಂದು ರಾಗಕ್ಕೆ ತಿಂಗಳುಗಟ್ಟಲೆ, ಇಲ್ಲಿ ಪರೀಕ್ಷೆಯೊಳಗೆ ಸಾಲು ರಾಗಗಳು. ಸಂಯೋಜನೆಗೆ ಪ್ರತ್ಯೇಕ ಪತ್ರಿಕೆಯೂ ಇರಲಿಲ್ಲ. ಕೇಳಿದರೆ ಪ್ರಾಜೆಕ್ಟಿನಲ್ಲಿ ಸೇರಿಸಿಕೋ ಅಂದರು. ಆದರೆ ಎರಡು ಕೆಲಸ ಅಲ್ಲೇ ಆದವು.

ಒಂದು, ಹಾಡನ್ನು ಬರೆದಿಡುವ ಭಾತಖಂಡೆ ಸ್ವರಲಿಪಿ. ಕೋಮಲ ಸ್ವರದ ಕೆಳಗೆ ಗೆರೆ, ತೀವ್ರ ಮಧ್ಯಮದ ತಲೆಯ ಮೇಲೆ ನಿಂತ ಗೆರೆ, ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಗುಣಾಕಾರದ ಗುರುತು, ಪೆಟ್ಟಿಲ್ಲದ ಖಾಲಿಗೆ ಸೊನ್ನೆ. ಮೊದಲು ಅದನ್ನು ಹಗುರವಾಗಿ ಕಂಡಿದ್ದೆ. ಒಂದೇ ರಾಗದ ಏಳೆಂಟು ಚೀಜುಗಳನ್ನು ತೀನತಾಲದ 16 ಮಾತ್ರೆಯ ಚೌಕಗಳಲ್ಲಿ ಬರೆದು ಪಕ್ಕಪಕ್ಕ ಇಟ್ಟುಕೊಂಡ ದಿನ ಕಣ್ಣು ತೆರೆಯಿತು. ಹೆಚ್ಚಿನವುಗಳ ಮುಖಡಾ, ಅಂದರೆ ಎತ್ತುಗಡೆ, 9ನೇ ಮಾತ್ರೆಯ ಖಾಲಿಯಿಂದ ಎದ್ದು ಸಮ್ ಕಡೆ ನಡೆಯುತ್ತದೆ. ಒಂದೆರಡು ಮಾತ್ರ ಬೇರೆಲ್ಲಿಂದಲೋ ಏಳುತ್ತವೆ, ಆ ಕಾರಣಕ್ಕೇ ಅವುಗಳ ನಡಿಗೆಯೇ ಬೇರೆ. ಚೀಜಿನ ಎರಡನೆಯ ಭಾಗವಾದ ಅಂತರಾ ತಾರ ಷಡ್ಜಕ್ಕೆ (ಮೇಲಿನ ಸ) ಯಾವ ದಾರಿಯಿಂದ ಏರುತ್ತದೆ ಅನ್ನುವುದನ್ನು ಬೆರಳಿಟ್ಟು ನೋಡಬಹುದಿತ್ತು. ಆರು ವರ್ಷ ಹಾಡಿದ ಚೀಜನ್ನು ಯಾರೋ ಒಬ್ಬರು ಕೂತು ಯೋಚಿಸಿ ಕಟ್ಟಿದ್ದಾರೆ ಅನ್ನುವುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಎರಡನೆಯದು ಸಿಕ್ಕಿದ್ದು ಕನ್ನಡ ವಿಭಾಗದಲ್ಲಿ. ಗೆಳೆಯನ ಜೊತೆ ಛಂದಸ್ಸಿನ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ತ್ರಿಪದಿಗೆ 4, 4, 3 ಹೀಗೆ ಒಟ್ಟು 11 ಅಂಶಗಣ (ಹಾಡಿನ ಎಳೆತಕ್ಕೆ ಹೊಂದುವ ಅಕ್ಷರಗುಂಪು). 6ನೇ ಮತ್ತು 10ನೇ ಗಣ ಬ್ರಹ್ಮಗಣ, ಉಳಿದವೆಲ್ಲ ವಿಷ್ಣುಗಣ. ಬ್ರಹ್ಮಗಣ ಚಿಕ್ಕದು. ಅಂದರೆ ಎರಡನೆಯ ಸಾಲಿನಲ್ಲೂ ಮೂರನೆಯ ಸಾಲಿನಲ್ಲೂ ಎರಡನೆಯ ಹೆಜ್ಜೆಯೇ ಗಿಡ್ಡ. ಧಾಟಿ ಅಲ್ಲಿ ಓಡಬಾರದು, ಸ್ವರ ಎಳೆದು ಜಾಗ ತುಂಬಬೇಕು. ಇನ್ನೊಂದು ಮಾತನ್ನೂ ಮೇಷ್ಟ್ರು ಹೇಳಿದರು: ಹಾಡುವಾಗ ಎರಡನೆಯ ಸಾಲನ್ನು 7ನೇ ಗಣದವರೆಗೆ ಹಾಡಿ, ಮತ್ತೆ ಅದೇ ಸಾಲನ್ನು ಮೊದಲಿಂದ ಪೂರ್ತಿ ಹಾಡಿ, ಆಮೇಲೆ ಮೂರನೆಯ ಸಾಲಿಗೆ ಹೋಗುತ್ತಾರೆ. ಆಗ ಅದು 4, 3, 4, 3 ಆಗುತ್ತದೆ, ನಾಲ್ಕು ಸಾಲಿನ ಪದ್ಯವಾದ ಸಾಂಗತ್ಯದ ಲೆಕ್ಕವೂ ಅದೇ. ಅಜ್ಜಿ ಹಾಡುತ್ತಿದ್ದದ್ದು ನೆನಪಾಯಿತು. ಮರೆತಳೇನೋ ಎಂಬಂತೆ ಅರ್ಧಕ್ಕೆ ನಿಲ್ಲಿಸಿ ಮತ್ತೆ ಅದೇ ಸಾಲು ಎತ್ತುತ್ತಿದ್ದಳು. ಮೂರು ಸಾಲಿನ ಪದ್ಯಕ್ಕೆ ಮೊದಲ ಭಾಗವಾದ ಸ್ಥಾಯಿ, ಅಂತರಾ ಎರಡನ್ನೂ ಹೇಗೆ ಹಂಚಲಿ ಅಂತ ವರ್ಷಗಟ್ಟಲೆ ಒದ್ದಾಡಿದ್ದೆ. ಹಾಡಿನಲ್ಲಿ ಅದು ಮೊದಲಿನಿಂದಲೂ ನಾಲ್ಕು ಸಾಲೇ! ಎರಡನೆಯ ಸಾಲನ್ನು ಮೊದಲ ಸಲ ಮಧ್ಯಮದ ಸುತ್ತಲೇ ಇಟ್ಟೆ, ಮರಳಿ ಬಂದಾಗ ತಾರ ಷಡ್ಜಕ್ಕೆ ಏರಿಸಿದೆ. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ.

ಕೀಬೋರ್ಡ್ ಕ್ಲಾಸಿಗೆ ಹೋಗಿದ್ದು ಕಾರ್ಡ್‌ಗಳನ್ನು, ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ಒತ್ತುವುದನ್ನು, ಕಲಿಯಲು. ತಿಂಗಳಿಗೆ 1,500 ರೂಪಾಯಿ. ವಾರಕ್ಕೆ ಎರಡು ದಿನ ಧಾರವಾಡದಿಂದ ಚಿಗರಿ ಬಸ್ಸು. ಕಲಿಸುವವರು ಒಳ್ಳೆಯವರು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು. ತೊಡಕು ಬಂದದ್ದು ರಾಗದಿಂದ. ಷಡ್ಜವನ್ನು ಸಿ ಮನೆಗೆ ಇಟ್ಟರೆ ಸಿ ಮೈನರ್ ಅಂದರೆ ಸ, ಕೋಮಲ ಗ, ಪ. ಅದು ಸಲೀಸಾಗಿ ಕೂಡುತ್ತದೆ. ಎಫ್ ಮೇಜರ್ ಅಂದರೆ ಮ, ಧ, ಸ. ಧಾಟಿ ಮೇಲಕ್ಕೆ ಏರುವಾಗ ಕೆಳಗೆ ಅದನ್ನು ಒತ್ತಿದರೆ, ಆರೋಹದಲ್ಲಿ ಬರಬಾರದ ಧೈವತ ಕಿವಿಗೆ ಬಿದ್ದೇ ಬೀಳುತ್ತದೆ. ಬಿ ಫ್ಲ್ಯಾಟ್ ಮೇಜರ್ ಒತ್ತಿದರೆ ರಿಷಭದ್ದೂ ಅದೇ ಕತೆ. ಬಾಯಿ ಕಾಪಾಡಿಕೊಂಡ ರಾಗವನ್ನು ಕೈ ಕೆಡಿಸಿದ ಹಾಗೆ. ಸ್ವರಗಳ ಅಂತರವೂ ಅಲ್ಲಿ ಸಮಪಾಲು. ಉದಾಹರಣೆಗೆ, ತಂಬೂರಿಯ ಜೊತೆ ಕೂಡುವ ಶುದ್ಧ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ (ಸ್ವರಗಳ ದೂರ ಅಳೆಯುವ ಮಾನ) ದೂರ, ಕೀಬೋರ್ಡಿನಲ್ಲಿ 400. ಪೇಟಿಯಲ್ಲೂ (ಹಾರ್ಮೋನಿಯಂ) ಈ ಕೊರತೆ ಇದ್ದೇ ಇದೆ. ಆದರೆ ಪೇಟಿ ಹಾಡುವವರ ಹಿಂದೆ ಬರುತ್ತದೆ, ಕಾರ್ಡ್ ಮುಂದೆ ನಡೆಯುತ್ತದೆ.

ಅಲ್ಲಿ ಸಿಕ್ಕ ಲಾಭ ರೆಕಾರ್ಡಿಂಗ್. ಕಟ್ಟಿದ್ದನ್ನು ಅದೇ ತಾಸಿನಲ್ಲಿ ಹೊರಗಿನವನಂತೆ ಕೇಳಬಹುದು. ನನ್ನ ಮೂರನೆಯ ಸಾಲೂ ತಾರ ಷಡ್ಜಕ್ಕೇ ಹಾರಿ ಎರಡನೆಯದರ ಏರಿಕೆಯನ್ನು ಸಪ್ಪೆ ಮಾಡುತ್ತಿದೆ ಅನ್ನುವುದು ನನಗೆ ಗೊತ್ತಾದದ್ದು ಹೆಡ್‌ಫೋನಿನಲ್ಲಿ. ಆದರೆ ಈಗ ಮೊಬೈಲೇ ಆ ಕೆಲಸ ಮಾಡುತ್ತದೆ. ಸಿನಿಮಾ, ಜಾಹೀರಾತು ಅಥವಾ ವಾದ್ಯಮೇಳಕ್ಕೆ ಬರೆಯುವ ಗುರಿ ಇದ್ದವರಿಗೆ ಕಾರ್ಡ್‌ಗಳ ಓದು ಬೇಕೇ ಬೇಕು. ಒಂದು ದನಿ, ಒಂದು ತಂಬೂರಿಗೆ ಕಟ್ಟುವವರು ಆ 11 ತಿಂಗಳನ್ನು ರಿಯಾಜಿಗೆ ಕೊಡುವುದು ಮೇಲು ಅಂತ ನನ್ನ ಅನುಭವ.

ಕನ್ನಡದ ಮಾತಿಗೆ ಸ್ವರ ಕೂಡಿಸುವ ಆಸೆ ಇರುವವರಿಗೆ ನಾನು ವಿಶ್ವವಿದ್ಯಾಲಯವನ್ನೇ ಹೇಳುತ್ತೇನೆ. ಆದರೆ ಬರಿಗೈಲಿ ಹೋಗಬಾರದು. ಮೂರು ರಾಗವಾದರೂ ಗಂಟಲಲ್ಲಿ ಕೂತಿರಬೇಕು, ಇಲ್ಲದಿದ್ದರೆ ಸ್ವರಲಿಪಿ ಬರೀ ಚೌಕದ ಕಾಗದ. ಮನೆಯಲ್ಲಿ ಕಲಿಸುವ ಗುರುಗಳು ಸಿಗದವರಿಗೆ ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಗುರುಕುಲವಿದೆ. ಸೇರಿದ ಮೇಲೆ ಪಠ್ಯಕ್ರಮದಲ್ಲಿ ಸಂಯೋಜನೆ ಇಲ್ಲ ಅಂತ ಕೂರದೆ, ಗ್ರಂಥಾಲಯಕ್ಕೂ ಕನ್ನಡ ವಿಭಾಗಕ್ಕೂ ತಾವಾಗಿ ಹೋಗಬೇಕು.

ಹೋದ ದೀಪಾವಳಿಗೆ ಬೆಟಗೇರಿಗೆ ಹೋಗಿ ಗುರುಗಳ ಮುಂದೆ ಆ ತ್ರಿಪದಿ ಹಾಡಿದೆ. ಕಣ್ಣು ಮುಚ್ಚಿ ಕೇಳಿದರು. "ನಡುವಿನ ಸಾಲು ಕೂತೈತಿ. ಕಡೀ ಸಾಲಿನಾಗ ಎರಡನೇ ಮಾತಿಗೆ ಯಾಕ ಓಡ್ತಿ? ಅಲ್ಲೆ ಇನ್ನೊಂದೀಟ ನಿಂದ್ರು" ಅಂದರು. ಅದು 10ನೇ ಗಣ. ಅಲ್ಲಿ ಮಧ್ಯಮದ ಮೇಲೆ ನಿಲ್ಲಲೋ ಪಂಚಮದಿಂದ ಇಳಿಯಲೋ ಅಂತ ಈಗಲೂ ದಿನಾ ಬೆಳಿಗ್ಗೆ ಎರಡನ್ನೂ ಹಾಡಿ ನೋಡುತ್ತಿದ್ದೇನೆ.